ಬಗ್ಗೋದಕ್ಕೆ ಯಾರೂ ಕೂಲಿ ಕೊಡಲ್ಲ

ಮೊದಲ ದಿನ ನಾನು ಸುಲಿದದ್ದು 180 ಕಾಯಿ. ಪಕ್ಕದಲ್ಲಿ ನಿಂತಿದ್ದ ಹುಡುಗ ಅಷ್ಟರಲ್ಲಿ ಸಾವಿರ ದಾಟಿದ್ದ. ಸಂಜೆ ಮನೆಗೆ ಬಂದು ಕಾಫಿ ಲೋಟ ಹಿಡಿದೆ. ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಕಾಫಿ ಅಂಗಿ ಮೇಲಿತ್ತು. ಮಾರನೇ ದಿನದಿಂದ ಹೆಂಡತಿ ಅರ್ಧರ್ಧ ಲೋಟ ಎರಡು ಸಲ ಕೊಡೋಕೆ ಶುರು ಮಾಡಿದಳು. ಅವಳೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗ ನನಗೆ 51. ಈಗ 55. ನಾಲ್ಕು ವರ್ಷದಿಂದ ತಿಪಟೂರಿನ ಸುತ್ತಮುತ್ತ ತೆಂಗಿನಕಾಯಿ ಸುಲಿಯುವ ಗುಂಪಿನಲ್ಲಿದ್ದೇನೆ. ಅದಕ್ಕೂ ಮೊದಲು 26 ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯ ಸ್ಟೋರ್‌ನಲ್ಲಿ ಕೂತಿದ್ದೆ. ಕೂತಿದ್ದೆ ಅನ್ನೋದೇ ಸರಿ. ಬೋಲ್ಟು, ಬೇರಿಂಗು, ಗ್ರೀಸ್ ಡಬ್ಬ, ಲೆಡ್ಜರ್. ದಿನಾ ಎತ್ತುತ್ತಿದ್ದ ಭಾರ ಅಂದರೆ ಊಟದ ಕ್ಯಾರಿಯರ್. 2020ರ ಲಾಕ್‌ಡೌನ್ ಆದಮೇಲೆ ಆರ್ಡರ್ ಕಡಿಮೆಯಾದವು. ಮರುವರ್ಷ ಬಾಗಿಲು ಹಾಕಿದರು. ಐವತ್ತು ದಾಟಿದ ಸ್ಟೋರ್ ಕೀಪರ್ ಯಾರಿಗೆ ಬೇಕು ಹೇಳಿ? ಊರಿಗೆ ಬಂದೆ. ಅಪ್ಪನ ಪಾಲಿನಿಂದ ಬಂದ 45 ತೆಂಗಿನ ಮರ ಇದ್ದವು. ಅಷ್ಟರಲ್ಲಿ ಒಂದು ಸಂಸಾರ ನಡೆಯಲ್ಲ. ಬೇರೆಯವರ ಕಾಯಿ ಸುಲಿಯೋಕೆ ಹೊರಟೆ.

ಬೆಂಗಳೂರಿನ ಹಳೆಯ ಸ್ನೇಹಿತರು ಆಗಾಗ ಫೋನ್ ಮಾಡಿ ಕೇಳುತ್ತಾರೆ: "ಈ ವಯಸ್ಸಲ್ಲಿ ಮೈ ಹೇಗಪ್ಪಾ ತಡ್ಕೊಳ್ಳತ್ತೆ?" ಅವರು ದಿನಾ ಹತ್ತು ಸಾವಿರ ಹೆಜ್ಜೆ ನಡೆದು ಮೊಬೈಲಿನಲ್ಲಿ ಲೆಕ್ಕ ತೋರಿಸುವ ಜನ. "ಅಭ್ಯಾಸ ಆಗೋಗತ್ತೆ" ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಅದು ಸುಳ್ಳು. ಪೂರ್ತಿ ಸುಳ್ಳಲ್ಲ, ಆದರೂ ಸುಳ್ಳೇ. ಅದಕ್ಕೇ ಬರೆಯೋಣ ಅನ್ನಿಸಿತು.

ಈ ಕಡೆಯವರಲ್ಲದವರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ಬಹಳಷ್ಟು ಕಾಯಿ ಹೋಗೋದು ಉಂಡೆ ಕೊಬ್ಬರಿಗೆ. ಬಲಿತ ಕಾಯಿಯನ್ನು ಮಟ್ಟೆ, ಅಂದರೆ ಹೊರಗಿನ ನಾರಿನ ಸಿಪ್ಪೆ, ಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೆರಡು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಒಳಗೇ ಉಂಡೆಯಾಗಿ ಉರುಳಾಡುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನತ್ತೆ. ಆಮೇಲೆ ಅಟ್ಟದಿಂದ ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಏಟು ಬೀಳದ ಹಾಗೆ ಹೊರಗೆ ತೆಗೆಯಬೇಕು. ಸುಲಿಯೋದು ಗಂಡಸರು. ಚಿಪ್ಪು ಒಡೆಯೋದು ಹೆಚ್ಚಾಗಿ ಹೆಂಗಸರು. ಉಂಡೆಗೆ ಮಚ್ಚು ತಾಗಿತೋ, ಅದು ಹೋಳಿನ ರಾಶಿಗೆ. ರೇಟು ಅಲ್ಲಿಗೇ ಬಿತ್ತು.

ಸುಲಿಯೋದು ಅಂದರೆ ಹೀಗೆ. ನೆಲಕ್ಕೆ ಒಂದು ಹಾರೆ ನೆಟ್ಟಿರುತ್ತದೆ, ಚೂಪು ತುದಿ ಮೇಲಕ್ಕೆ. ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ತುದಿಗೆ ಕುಕ್ಕಬೇಕು. ಪಕ್ಕಕ್ಕೆ ತಿರುಚಬೇಕು. ಮಟ್ಟೆಯ ಒಂದು ಸೀಳು ಎದ್ದು ಬರುತ್ತದೆ. ಹೀಗೆ ಮೂರು ಸಲ, ಹಟಮಾರಿ ಕಾಯಾದರೆ ನಾಲ್ಕು ಸಲ. ದಿನಕ್ಕೆ ಸಾವಿರ ಕಾಯಿ ಅಂದರೆ ಮೂರು ಸಾವಿರಕ್ಕಿಂತ ಜಾಸ್ತಿ ಕುಕ್ಕು, ಅಷ್ಟೇ ತಿರುಚು. ಕೈ ಜಾರಿದರೆ ಕಬ್ಬಿಣ ಮುಂಗೈಗೆ. ನನ್ನ ಎಡಗೈಯಲ್ಲಿ ಎರಡು ಗಾಯದ ಗುರುತಿವೆ. ಎರಡೂ ಮೊದಲ ವರ್ಷದವು, ಎರಡೂ ಮಧ್ಯಾಹ್ನ ಮೂರು ಗಂಟೆ ಮೇಲೆ ಆದವು. ಆ ಹೊತ್ತಿಗೆ ಕಣ್ಣು ಕಾಯಿ ಮೇಲಿರುತ್ತದೆ, ಬುದ್ಧಿ ಇನ್ನೆಲ್ಲೋ ಇರುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರಿಗೂ ಅವರು ದೊಡ್ಡಯ್ಯ. ಆಧಾರ್ ಪ್ರಕಾರ ಅವರಿಗೆ 66. ಅವರ ಲೆಕ್ಕದಲ್ಲಿ ಎಪ್ಪತ್ತರ ಮೇಲೆ. ಹುಟ್ಟಿದ್ದು ಯಾವ ಬರಗಾಲದಲ್ಲಿ ಅಂತ ಹೇಳುತ್ತಾರೆ, ಇಸವಿ ಗೊತ್ತಿಲ್ಲ. ಸಣಕಲು ಮೈ. ಮುಂಗೈ ಮಾತ್ರ ಹುರಿ ಹಗ್ಗದ ಹಾಗೆ.

ನಾನು ಸೇರಿದ ಮೊದಲ ವಾರ ಅವರನ್ನು ನೋಡಿ ಸೋಮಾರಿ ಅಂದುಕೊಂಡಿದ್ದೆ. ಕೆಲಸ ಶುರುವಾಗುವ ಮೊದಲು ಎಲ್ಲರೂ ಹಾರೆ ನೆಟ್ಟು ಸುಲಿಯೋಕೆ ನಿಂತರೆ ಇವರು ಅರ್ಧ ಗಂಟೆ ಸುಮ್ನೆ ಓಡಾಡುತ್ತಿದ್ದರು. ಗುಂಡಿ ತೋಡೋರು. ಹಾರೆ ಇಳಿಸೋರು. ಪಕ್ಕದಲ್ಲಿ ನಿಂತು ನೋಡೋರು. ಮತ್ತೆ ಕಿತ್ತು ಒಂದು ಹಿಡಿ ಮಣ್ಣು ತೆಗೆಯೋರು. ಹಾರೆಯ ತುದಿ ತಮ್ಮ ಸೊಂಟದ ಮೂಳೆಗಿಂತ ನಾಲ್ಕು ಬೆರಳು ಕೆಳಗೆ ಬರಬೇಕು ಅವರಿಗೆ. ನಮ್ಮೆಲ್ಲರದಕ್ಕಿಂತ ಗಿಡ್ಡ. ಅದಾದ ಮೇಲೆ ಕಾಯಿ ರಾಶಿ. ನಾವು ಕಾಲ ಬುಡದಲ್ಲೇ ಸುರಿಸಿಕೊಳ್ಳುತ್ತಿದ್ದೆವು. ಅವರು ಹಳೇ ಕಲ್ಲು ಚಪ್ಪಡಿನೋ, ಮುರಿದ ಗಾಡಿ ಹಲಗೆನೋ ಎಳೆದು ತಂದು, ಎರಡು ಸೈಜುಗಲ್ಲಿನ ಮೇಲಿಟ್ಟು, ಮಂಡಿ ಎತ್ತರಕ್ಕೆ ಒಂದು ಕಟ್ಟೆ ಮಾಡಿ, ಕಾಯಿಯನ್ನು ಅದರ ಮೇಲೆ ಸುರಿಸಿಕೊಳ್ಳೋರು.

ಒಂದು ದಿನ ಕೇಳಿಯೇಬಿಟ್ಟೆ. "ಇಷ್ಟೊತ್ತಲ್ಲಿ ನೂರು ಕಾಯಿ ಸುಲೀಬೋದಿತ್ತಲ್ಲ ದೊಡ್ಡಯ್ಯ?"

ಅವರು ಬೀಡಿ ಪಕ್ಕಕ್ಕಿಟ್ಟು ಹೇಳಿದರು: "ಸಾವಿರ ಕಾಯಿ ಸುಲಿದ್ರೆ ಸಾವಿರ ಸಲ ಬಗ್ಗಬೇಕು ಕಣಯ್ಯ. ಸುಲಿಯಾದಕ್ಕೆ ಕೂಲಿ ಕೊಡ್ತಾರೆ. ಬಗ್ಗಾದಕ್ಕೆ ಯಾರೂ ಕೊಡಲ್ಲ."

ಸ್ಟೋರ್‌ನಲ್ಲಿ 26 ವರ್ಷ ಲೆಕ್ಕ ಬರೆದವನು ನಾನು. ಇಷ್ಟು ಸರಿಯಾದ ಲೆಕ್ಕ ಅಲ್ಲಿ ಯಾರೂ ಹೇಳಿರಲಿಲ್ಲ. ಹಾರೆಯ ಎತ್ತರವೂ ಅದೇ ಲೆಕ್ಕ. ಹಾರೆ ಎತ್ತರ ಇದ್ದರೆ ಪ್ರತಿ ಕಾಯಿಗೂ ತೋಳು ಮೇಲೆ ಹೋಗಬೇಕು, ಭುಜ ಸವೆಯುತ್ತದೆ. ತೀರಾ ಗಿಡ್ಡ ಇದ್ದರೆ ಸೊಂಟ ಹೋಗುತ್ತದೆ. ಅವೆರಡರ ನಡುವೆ ನಾಲ್ಕು ಬೆರಳಿನ ಜಾಗ ಇದೆ. ಆ ಜಾಗ ವಯಸ್ಸಾದಂತೆ ಬದಲಾಗುತ್ತದೆ. ದೊಡ್ಡಯ್ಯನ ಬಲ ಭುಜ ಒಂದು ಮಟ್ಟಕ್ಕಿಂತ ಮೇಲೇಳಲ್ಲ. ಅಂಗಿ ಹಾಕಿಕೊಳ್ಳುವಾಗ ಮೊದಲು ಬಲಗೈ ತೂರಿಸಿ ಆಮೇಲೆ ಎಡಗೈ. ಹಾಗಾಗಿ ಅವರ ಹಾರೆ ಭುಜದ ಮಾತು ಕೇಳಿ ಕೆಳಗಿಳಿದಿದೆ.

ಆಮೇಲೆ ನಾನು ಅವರನ್ನೇ ನೋಡುತ್ತಾ ಹೋದೆ. ಅವರು ಕಾಯಿಯನ್ನು ಕುಕ್ಕಲ್ಲ, ಬೀಳಿಸುತ್ತಾರೆ. ಕಾಯಿಯ ಭಾರವೇ ಅರ್ಧ ಕೆಲಸ ಮಾಡುತ್ತದೆ. ತಿರುಚುವಾಗ ಮಣಿಕಟ್ಟು ಅಲ್ಲಾಡಲ್ಲ, ಇಡೀ ಮೈ ಒಂದು ಗೇಣು ವಾಲುತ್ತದೆ, ಬಾಗಿಲು ತೆಗೆದ ಹಾಗೆ. ನೂರು ಕಾಯಿಗೆ ಒಂದು ಸುಲಿದ ಕಾಯಿಯನ್ನು ಗುರುತಿಗೆ ಪಕ್ಕಕ್ಕಿಡುತ್ತಾರೆ. ಗುರುತಿಟ್ಟ ಕೂಡಲೇ ನಿಲ್ಲುತ್ತಾರೆ. ಸುಸ್ತಾಗಿರಲಿ, ಆಗದೇ ಇರಲಿ. ಎರಡು ನಿಮಿಷ. ಬೆರಳು ಬಿಚ್ಚಿ ಮುಚ್ಚಿ, ಒಂದು ಗುಟುಕು ನೀರು. ನಾನು ಸುಸ್ತಾದಾಗ ನಿಲ್ಲುತ್ತಿದ್ದೆ. ಅದು ತಡ ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯಿತು. ಐವತ್ತು ದಾಟಿದ ಮೈಗೆ ಸುಸ್ತು ಗೊತ್ತಾಗೋ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಬಾಯಾರಿಕೆಯೂ ಹಾಗೇ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗೋದೇ ಕಡಿಮೆಯಾಗುತ್ತದೆ. ಮೈಗೆ ನೀರು ಬೇಕಿರುತ್ತದೆ, ನಾಲಿಗೆ ಕೇಳಲ್ಲ.

ಬುತ್ತಿಗೆ ಅವರದು ಅಂಬಲಿ. ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು, ಒಂದು ಈರುಳ್ಳಿ. ಹತ್ತು ಗಂಟೆಗೆ ಒಂದು ಚೊಂಬು, ಹನ್ನೆರಡಕ್ಕೆ ಇನ್ನೊಂದು. ಮುದ್ದೆ ಊಟ ರಾತ್ರಿಗೆ. "ಮಧ್ಯಾನ ಮುದ್ದೆ ಉಂಡ್ರೆ ಮುದ್ದೆನೇ ನನ್ನ ಸುಲೀತದೆ" ಅನ್ನೋರು. ನೀರು, ಉಪ್ಪು, ಹಿಟ್ಟು ಮೂರೂ ಒಂದೇ ಚೊಂಬಿನಲ್ಲಿ. ಅಂಗಡಿಯಲ್ಲಿ ಓಆರ್‌ಎಸ್ ಅಂತ ಪ್ಯಾಕೆಟ್ ಕೊಡುತ್ತಾರಲ್ಲ, ಹೆಚ್ಚು ಕಡಿಮೆ ಅದರ ಕೆಲಸವೇ.

ಈಗ ನನ್ನ ದಡ್ಡತನದ ಕಥೆ. ಎರಡನೇ ತಿಂಗಳಿಗೆ ನಾನು 500 ಕಾಯಿ ಸುಲಿಯುತ್ತಿದ್ದೆ. ತೋಳು ಗಟ್ಟಿಯಾಗಿತ್ತು, ಕನ್ನಡಿ ಮುಂದೆ ನಿಂತು ನೋಡಿಕೊಂಡದ್ದೂ ಉಂಟು. ಅಭ್ಯಾಸ ಆಯ್ತು ಅಂದುಕೊಂಡು ಒಂದೇ ವಾರದಲ್ಲಿ 800ಕ್ಕೆ ಏರಿಸಿದೆ. ಮೊಣಕೈ ಹೊರಮಗ್ಗುಲಲ್ಲಿ ಉರಿ ಶುರುವಾಯಿತು. ಬಕೆಟ್ ಎತ್ತೋಕೆ ಆಗಲಿಲ್ಲ, ಬಾಗಿಲ ಚಿಲಕ ತಿರುಗಿಸೋಕೆ ಆಗಲಿಲ್ಲ. ನಂತರ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಒಬ್ಬರು ಬಿಡಿಸಿ ಹೇಳಿದರು. ಮಾಂಸಖಂಡ ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತದೆ. ಮಾಂಸವನ್ನು ಮೂಳೆಗೆ ಕಟ್ಟಿರುವ ನಾರು ಹೊಂದಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅದಕ್ಕೆ ರಕ್ತ ಹರಿಯೋದೇ ಕಡಿಮೆ. ವಯಸ್ಸಾದವರಿಗೆ ಇನ್ನೂ ನಿಧಾನ. ಅಂದರೆ ನನ್ನ ತೋಳು ರೆಡಿ ಆಗಿತ್ತು, ನಾರು ರೆಡಿ ಇರಲಿಲ್ಲ. ಮಟ್ಟೆಯ ನಾರು ಕೀಳೋ ಕೆಲಸದಲ್ಲಿ ನನ್ನ ನಾರೇ ಕಿತ್ತುಕೊಂಡಿತ್ತು.

ಡಾಕ್ಟರ್ ಹತ್ತಿರ ಹೋಗುವ ಮೊದಲು ನಾನು ಹೋದದ್ದು ಮೆಡಿಕಲ್ ಶಾಪಿಗೆ. ಯಾವ ಅಂಗಡಿ ಅನ್ನೋದು ಬೇಡ. ಚೀಟಿ ಕೇಳಲಿಲ್ಲ, ನಾನೂ ತೋರಿಸಲಿಲ್ಲ. "ಮೈಕೈ ನೋವಿಗೆ" ಅಂದರೆ ಸಾಕು, ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಬೆಳಗ್ಗೆ ಒಂದು, ರಾತ್ರಿ ಒಂದು. ನೋವು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಅದೇ ತೊಂದರೆ. ನೋವು ಹೋಗಿ ನಾನು 800, 900 ಸುಲಿದೆ. ಮೂರು ತಿಂಗಳು ಹೀಗೆ. ಹೊಟ್ಟೆ ಉರಿ ಬಂತು, ಖಾರ ಅಂದುಕೊಂಡೆ. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಾಗಿ ಹೋಯಿತು. ಹೊಟ್ಟೆಯೊಳಗೆ ರಕ್ತ ಸೋರಿದರೆ ಹಾಗಾಗುತ್ತದಂತೆ. ಈ ಮಾತ್ರೆಗಳು ನೋವಿನ ಜೊತೆ ಹೊಟ್ಟೆಯ ಒಳಪದರದ ರಕ್ಷಣೆಯನ್ನೂ ತೆಗೆಯುತ್ತವೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ನುಂಗಿದರೆ ಕಿಡ್ನಿಗೂ ಪೆಟ್ಟು. ಬಿಸಿಲಲ್ಲಿ ಬೆವರು ಸುರಿಸುತ್ತಾ, ನೀರು ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗುವವರು ನಮ್ಮ ಗುಂಪಿನಲ್ಲೇ ನಾಲ್ಕು ಜನ ಇದ್ದಾರೆ. ಇಂಜೆಕ್ಷನ್ ಹಾಕಿಸಿಕೊಂಡು ಕೆಲಸಕ್ಕೆ ಬರುವವರೂ ಇದ್ದಾರೆ. ಹೇಳಿ ನೋಡಿದೆ. "ನಿಂಗೆ ಆಯ್ತು ಅಂತ ನಂಗೂ ಆಗ್ಬೇಕಾ?" ಅಂದರು. ರಾತ್ರಿ ಕ್ವಾರ್ಟರ್ ಹಾಕುವವರ ಲೆಕ್ಕ ಬೇರೆ. ಅವರದೂ ನೋವಿನ ಔಷಧಿಯೇ. ಅದನ್ನು ಇಲ್ಲಿ ಬರೆಯೋಕೆ ಹೋದರೆ ಮುಗಿಯಲ್ಲ.

ಹೆಂಗಸರ ಕಡೆಯ ವಿಷಯ ನನಗೆ ತಿಳಿದದ್ದು ತಡವಾಗಿ. ನನ್ನ ಅತ್ತಿಗೆಗೆ 58. ಹದಿನೈದು ವರ್ಷದಿಂದ ಚಿಪ್ಪು ಒಡೆಯುತ್ತಾರೆ. ಎಡಗೈಯಲ್ಲಿ ಕಾಯಿ ತಿರುಗಿಸುತ್ತಾ, ಬಲಗೈಯಲ್ಲಿ ಮಚ್ಚಿನಿಂದ ಸುತ್ತಲೂ ಟಕ್ ಟಕ್ ಅಂತ ತಟ್ಟಿದರೆ ಚಿಪ್ಪು ಅಂಗಿ ಬಿಚ್ಚಿದ ಹಾಗೆ ಬಿಟ್ಟುಕೊಳ್ಳುತ್ತದೆ. ಉಂಡೆ ಇಡಿಯಾಗಿ ಮಡಿಲಿಗೆ ಬೀಳುತ್ತದೆ. ನೋಡೋಕೆ ಎಷ್ಟು ಚೆಂದ ಅಂದರೆ ಕೆಲಸ ಅನ್ನಿಸಲ್ಲ. ಎಂಟು ಗಂಟೆ ನೆಲದ ಮೇಲೆ ಕೂತು ಮಾಡಬೇಕು ಅನ್ನೋದು ಸಂಜೆ ಅವರು ಏಳುವಾಗ ಗೊತ್ತಾಗುತ್ತದೆ. ಮೊದಲು ಗೋಡೆಗೆ ಕೈ. ಆಮೇಲೆ ಒಂದು ಮಂಡಿ. ಆಮೇಲೆ "ಶಿವಾ". ಹಳೇ ಸ್ಕೂಟರ್ ಟಯರ್ ಮೇಲೆ ಗೋಣಿಚೀಲ ಹಾಕಿ ಕೂತರೆ ಮಂಡಿ ಅಷ್ಟು ಮಡಚಲ್ಲ ಅಂತ ಅವರೇ ಕಂಡುಕೊಂಡರು. ಈಗ ಆರು ಹೆಂಗಸರಿಗೆ ಆರು ಟಯರ್ ಇವೆ. ಒಬ್ಬರ ಟಯರ್ ಮೇಲೆ ಇನ್ನೊಬ್ಬರು ಕೂತರೆ ಜಗಳ.

ಅವರು ಬೆಳಗ್ಗೆಯಿಂದ ಸಂಜೆವರೆಗೆ ನೀರು ಕುಡಿಯಲ್ಲ. ಯಾಕೆ ಅಂತ ನಾನು ಕೇಳಿದ್ದು ಮೂರ್ಖತನ. ಕೊಬ್ಬರಿ ಮನೆಯಲ್ಲಿ ಹೆಂಗಸರಿಗೆ ಹೋಗೋಕೆ ಜಾಗ ಎಲ್ಲಿದೆ? ಗಂಡಸರಿಗೆ ತೋಟವೆಲ್ಲ ಜಾಗ. ಉರಿಮೂತ್ರ ಅವರಲ್ಲಿ ನೆಗಡಿಯಷ್ಟು ಸಾಮಾನ್ಯ. ಮಂಡಿ ನೋವಿನ ಬಗ್ಗೆ ಜೋರಾಗಿ ಮಾತಾಡುತ್ತಾರೆ, ಇದರ ಬಗ್ಗೆ ಮಾತಿಲ್ಲ.

ಅತ್ತಿಗೆಯ ಎಡ ಹೆಬ್ಬೆರಳಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿತ್ತು. ಎರಡು ವರ್ಷದ ಹಿಂದೆ ಗಾಯ ಜಾಸ್ತಿಯಾದವು, ಹೋಳೂ ಜಾಸ್ತಿಯಾದವು. ಸಾಹುಕಾರರು ಗೊಣಗಿದರು. ಕೈ ನಡುಗುತ್ತಿದೆ, ವಯಸ್ಸಾಯ್ತು, ಬಿಡಿಸಿ ಅಂತ ಮಾತು ಬಂತು. ನನಗೆ ಅನುಮಾನ ಬಂದು ನನ್ನ ಓದುವ ಕನ್ನಡಕ ಕೊಟ್ಟೆ. ಹಾಕಿಕೊಂಡು ಕಾಯಿ ನೋಡಿದರು. ಆಮೇಲೆ ತಮ್ಮ ಹೆಬ್ಬೆರಳು ನೋಡಿಕೊಂಡರು. "ಅಯ್ಯೋ, ಇಷ್ಟೊಂದು ಗಾಯ ಆಗಿದಾವಾ?" ಅಂದರು. ಕೈಯಲ್ಲಿ ಏನೂ ಆಗಿರಲಿಲ್ಲ. ನಲವತ್ತರ ನಂತರ ಎಲ್ಲರಿಗೂ ಹತ್ತಿರದ್ದು ಮಸುಕಾಗುತ್ತದೆ. ಓದು ಬರಹ ಇದ್ದವರಿಗೆ ಪೇಪರ್ ಓದುವಾಗ ಗೊತ್ತಾಗುತ್ತದೆ. ಓದದವರಿಗೆ ಯಾರು ಹೇಳಬೇಕು? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಸ್ಸಾಮಿನ ಚಹಾ ತೋಟದ ನಲವತ್ತು ದಾಟಿದ ಕೆಲಸಗಾರರಿಗೆ ಬರೀ ಓದುವ ಕನ್ನಡಕ ಕೊಟ್ಟು ನೋಡಿದ್ದರು. ಕೊಡದವರಿಗೆ ಹೋಲಿಸಿದರೆ ಅವರು ಕೀಳುವ ಎಲೆ ಶೇ 21.7ರಷ್ಟು ಜಾಸ್ತಿಯಾಯಿತು. ನಮ್ಮ ಅತ್ತಿಗೆ ಸಂತೆಯಲ್ಲಿ ಕೊಂಡ ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಾರೆ. ಮೊದಮೊದಲು ಉಳಿದವರು "ಟೀಚರಮ್ಮ" ಅಂತ ರೇಗಿಸಿದರು. ಈಗ ಸಾಲ ಕೇಳುತ್ತಾರೆ.

ಎಲ್ಲ ನೋವೂ ಕೆಲಸದ್ದಲ್ಲ. ಪಾವಗಡ ಕಡೆಯಿಂದ ಬಂದ ಒಬ್ಬರು ಸ್ವಲ್ಪ ದಿನ ನಮ್ಮ ಜೊತೆ ಇದ್ದರು. ಐವತ್ತೂ ಆಗಿರಲಿಲ್ಲ. ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡೋರು, ಎತ್ತಿನ ಗಾಡಿ ಹಾಗೆ. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ. ಇನ್ನೂ ಜಾಸ್ತಿ ಇದ್ದರೆ ಮೂಳೆಗೂ ಕೀಲಿಗೂ ಇಳಿಯುತ್ತದೆ, ಬೆನ್ನು ಸೆಟೆದುಕೊಳ್ಳುತ್ತದೆ. ಪಾವಗಡ, ಶಿರಾ, ಆಚೆ ಬಾಗೇಪಲ್ಲಿ, ಕೋಲಾರದ ಕಡೆ, ಎಲ್ಲ ಒಂದೇ ಕಥೆ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಇದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಆದರೆ ಇಪ್ಪತ್ತು ವರ್ಷ ಕುಡಿದದ್ದು ಮೂಳೆಯಲ್ಲಿದೆಯಲ್ಲ. ಅವರನ್ನು ಎಲ್ಲರೂ "ಕೆಲಸ ಮಾಡಿ ಮಾಡಿ ಹಾಗಾಗಿದ್ದಾನೆ" ಅಂದುಕೊಂಡಿದ್ದರು. ಅವರೂ ಹಾಗೇ ಅಂದುಕೊಂಡಿದ್ದರು.

ಸರ್ಕಾರದ ಲೆಕ್ಕದಲ್ಲಿ ನಮ್ಮಂಥವರ ವಯಸ್ಸು ಒಂದು ವಿಚಿತ್ರ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ 2021ರಲ್ಲಿ ಬಂತು. ನೋಂದಣಿಗೆ ವಯಸ್ಸು 16ರಿಂದ 59. ದೊಡ್ಡಯ್ಯ ಆಗಲೇ ಅರವತ್ತು ದಾಟಿದ್ದರು. 2019ರಲ್ಲಿ ಅಸಂಘಟಿತರಿಗೆ ಒಂದು ಪಿಂಚಣಿ ಯೋಜನೆ ಬಂತು, ಅರವತ್ತಾದ ಮೇಲೆ ತಿಂಗಳಿಗೆ 3,000 ರೂಪಾಯಿ. ಒಳ್ಳೆಯದೇ. ಸೇರೋಕೆ ಮಾತ್ರ ವಯಸ್ಸು 18ರಿಂದ 40. ಆಗ ನನಗೆ 49. ನನಗೇ ತಡವಾಗಿತ್ತು ಅಂದಮೇಲೆ ಅವರ ಮಾತೇನು? ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ಬರುತ್ತದೆ ಅವರಿಗೆ. ಬಂದ ದಿನವೇ ಬಿಪಿ ಮಾತ್ರೆ, ಬೀಡಿ, ಮೊಮ್ಮಗಳಿಗೆ ಬಿಸ್ಕತ್ತು. ಒಂದು ವಾರದಲ್ಲಿ ಮುಗಿಯುತ್ತದೆ. ಉಳಿದ ಮೂರು ವಾರಕ್ಕೆ ಹಾರೆ.

ನರೇಗಾಕ್ಕೆ ಹೋದಾಗ ಮಾತ್ರ ಅವರು ಖುಷಿಯಾಗಿ ಬರೋರು. ನಮ್ಮ ರಾಜ್ಯದಲ್ಲಿ ಅರವತ್ತು ದಾಟಿದವರಿಗೆ ಅಲ್ಲಿ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ ಇತ್ತು, ಕೂಲಿ ಪೂರ್ತಿ. 2025ರಲ್ಲಿ ದಿನಕ್ಕೆ 370 ರೂಪಾಯಿ. ಬೇರೆಯವರು ಒಂದು ಅಳತೆ ಗುಂಡಿ ತೋಡಿದರೆ ಇವರದು ಅದರರ್ಧ. "ನಮ್ ವಯಸ್ಸಿಗೆ ಗುಂಡೀನೂ ಮರ್ಯಾದೆ ಕೊಡ್ತದೆ" ಅಂತ ನಗೋರು.

ನಮ್ಮ ಗುಂಪಿನಲ್ಲೂ ಹೆಚ್ಚು ಕಡಿಮೆ ಅದೇ ಇತ್ತು, ಯಾರೂ ಬರೆದಿಟ್ಟಿರಲಿಲ್ಲ ಅಷ್ಟೇ. ಸುಲಿಯೋರು ಎಂಟು ಜನ. ಕಾಯಿ ಲೆಕ್ಕದಲ್ಲಿ ಕೂಲಿ, ಕಾಯಿಗೆ ರೂಪಾಯಿ ಆಸುಪಾಸು. ಎಲ್ಲ ಸೇರಿ ಎಷ್ಟು ಸುಲಿದೆವೋ ಅಷ್ಟರ ದುಡ್ಡನ್ನು ಸಮ ಪಾಲು ಮಾಡಿಕೊಳ್ಳುತ್ತಿದ್ದೆವು. ಒಬ್ಬ 1,300 ಸುಲಿಯುತ್ತಾನೆ, ಒಬ್ಬ 500. ಪಾಲು ಒಂದೇ. ಜ್ವರ ಬಂದು ಮಧ್ಯಾಹ್ನ ಮನೆಗೆ ಹೋದವನಿಗೂ ಪಾಲು. ನಾನು 180 ಸುಲಿದ ದಿನವೂ ನನಗೆ ಪೂರ್ತಿ ಪಾಲು ಬಂದಿತ್ತು. ಮೈ ಹೇಗೆ ತಡ್ಕೊಳ್ಳತ್ತೆ ಅಂತ ಕೇಳುವ ಸ್ನೇಹಿತರಿಗೆ ನಾನು ಹೇಳಬೇಕಿದ್ದದ್ದು ಇದನ್ನೇ. ಕಟ್ಟೆ, ಟಯರ್, ಅಂಬಲಿ, ಕನ್ನಡಕ ಎಲ್ಲ ಸರಿ. ಆದರೆ ನೂರಕ್ಕೊಂದು ಸಲ ದೊಡ್ಡಯ್ಯ ನಿಲ್ಲೋಕೆ ಆಗುತ್ತಿದ್ದದ್ದು ಆ ಎರಡು ನಿಮಿಷದ ಕೂಲಿಯನ್ನು ಬೇರೆ ಏಳು ಜನ ಕೊಡುತ್ತಿದ್ದರು ಅಂತ.

2025ರಲ್ಲಿ ಕೊಬ್ಬರಿ ರೇಟು ಯಾರೂ ಕಾಣದ ಹಾಗೆ ಏರಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇದ್ದರೆ ತಿಪಟೂರು ಮಾರುಕಟ್ಟೆಯಲ್ಲಿ 20 ಸಾವಿರ ದಾಟಿತು. ಮರಗಳಿಗೆ ಕಪ್ಪು ತಲೆ ಹುಳು, ಬಿಳಿ ನೊಣ. ಕಾಯಿ ಕಡಿಮೆ, ಅದಕ್ಕೇ ರೇಟು ಜಾಸ್ತಿ. ನಮ್ಮ ಕೂಲಿ ಕಾಯಿಗೆ ಹತ್ತು ಪೈಸೆ ಏರಿತು. ಎಲ್ಲರಿಗೂ ಅವಸರ. ಅಟ್ಟದಲ್ಲಿರೋದನ್ನೆಲ್ಲ ಇವತ್ತೇ ಇಳಿಸಿ, ನಾಳೆನೇ ಮಾರ್ಕೆಟ್ಟಿಗೆ. ಸುಲಿಯುವ ಮಷಿನ್‌ಗಳೂ ಅಲ್ಲಲ್ಲಿ ಬಂದವು. ಮಷಿನ್ ಬಂದರೆ ಭುಜಕ್ಕೆ ಒಳ್ಳೆಯದೇ, ನಾನು ಅದನ್ನು ಬೈಯಲ್ಲ. ಆದರೆ ಮಷಿನ್ ನೂರಕ್ಕೊಂದು ಸಲ ನಿಲ್ಲಲ್ಲ.

ಆ ಅವಸರದಲ್ಲೇ ಒಂದು ಸಂಜೆ ನಮ್ಮ ಗುಂಪಿನ ಚಿಕ್ಕ ಹುಡುಗ, ಇಪ್ಪತ್ತಮೂರು ವರ್ಷದವನು, ದುಡ್ಡು ಎಣಿಸುವಾಗ ಕೇಳಿದ. ಬೈಕಿನ ಕಂತು ಕಟ್ಟೋದಿತ್ತು ಅವನಿಗೆ. "ನಾನು ಸಾವಿರದ ನಾನೂರು. ದೊಡ್ಡಯ್ಯ ನಾನೂರು. ಪಾಲು ಹೆಂಗೆ ಒಂದೇ ಆಯ್ತದೆ?" ಜೋರಾಗಿ ಕೇಳಲಿಲ್ಲ. ತಪ್ಪಾಗಿಯೂ ಕೇಳಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಯಾರೂ ಮಾತಾಡಲಿಲ್ಲ. ನಾನು ಅವತ್ತು 650 ಸುಲಿದಿದ್ದೆ. ನನ್ನ ಹೆಸರು ಅವನು ಎತ್ತಲಿಲ್ಲ. ನನಗೂ ಪೂರ್ತಿ ಪಾಲೇ ಬರುತ್ತಿತ್ತು. ಬಾಯಿ ಬಿಟ್ಟರೆ ಮುಂದಿನ ಲೆಕ್ಕ ನನ್ನದೇ ಅಂತ ಗೊತ್ತಿತ್ತು. ನೆಲ ನೋಡುತ್ತಾ ಕೈಗೆ ಮೆತ್ತಿದ್ದ ಮಟ್ಟೆ ಪುಡಿ ಉಜ್ಜಿಕೊಳ್ಳುತ್ತಾ ಕೂತಿದ್ದೆ.

ದೊಡ್ಡಯ್ಯನೇ ಹೇಳಿದರು, "ನಂಗೆ ಅರ್ಧ ಹಾಕ್ರಪ್ಪ." ಯಾರೋ "ಮುಕ್ಕಾಲು ಇರ್ಲಿ" ಅಂದರು. ಮುಕ್ಕಾಲು ಅಂತಾಯಿತು. ಹುಡುಗನಿಗೂ ಸಮಾಧಾನ ಇರಲಿಲ್ಲ, ಮುಖ ಸಣ್ಣದಾಗಿತ್ತು. ಅವನು ಕೇಳಿದ್ದು ಲೆಕ್ಕ, ಸಿಕ್ಕಿದ್ದು ಇನ್ನೇನೋ.

ಮಾರನೇ ದಿನ ದೊಡ್ಡಯ್ಯ ಎಂದಿನಂತೆ ಬಂದರು. ಅರ್ಧ ಗಂಟೆ ಗುಂಡಿ ತೋಡಿದರು, ಹಲಗೆ ಎಳೆದು ತಂದರು. ನೂರು ಕಾಯಿಗೆ ಗುರುತಿಟ್ಟರು. ನಿಲ್ಲಲಿಲ್ಲ. ನಾನು ನೋಡುತ್ತಲೇ ಇದ್ದೆ. ಇನ್ನೂರಕ್ಕೂ ನಿಲ್ಲಲಿಲ್ಲ. ಆ ದಿನ ಅವರು 600 ಸುಲಿದರು. ಆಮೇಲೆ ನಾಲ್ಕು ದಿನ ಬರಲಿಲ್ಲ.

ಈಗ ವಾರಕ್ಕೆ ಮೂರು ದಿನ ಬರುತ್ತಾರೆ. ಸುಲಿಯೋದು ಕಡಿಮೆ, ಅಟ್ಟದಿಂದ ಇಳಿಸಿದ ಕಾಯಿ ವಿಂಗಡಿಸುತ್ತಾರೆ. ಕಿವಿ ಮಂದವಾಗಿದೆ, ಗಡಗಡ ಕೇಳಿಸಲ್ಲ. ಕಾಯಿಯನ್ನು ಅಂಗೈಯಲ್ಲಿಟ್ಟು ಒಂದು ಸಲ ಕುಲುಕುತ್ತಾರೆ. ಒಳಗಿನ ಉಂಡೆ ಉರುಳಿದ್ದು ಕೈಗೆ ಗೊತ್ತಾಗುತ್ತದೆ. ಅನುಮಾನ ಬಂದರೆ ನನ್ನ ಕಡೆ ಎಸೆಯುತ್ತಾರೆ. ನಾನು ಕಿವಿಗೆ ಹಿಡಿದು "ಆಡ್ತದೆ" ಅಂತಲೋ "ನೀರೈತೆ" ಅಂತಲೋ ಕೂಗುತ್ತೇನೆ. ಹೆಚ್ಚಿನ ಸಲ ಅವರ ಕೈ ಹೇಳಿದ್ದೇ ಸರಿ ಇರುತ್ತದೆ.

ಹೋದ ತಿಂಗಳು ಹೊನ್ನವಳ್ಳಿ ಹತ್ತಿರ ಒಂದು ತೋಟಕ್ಕೆ ಹೋಗಿದ್ದೆವು. ದೊಡ್ಡಯ್ಯ ಅವತ್ತು ಇರಲಿಲ್ಲ. ನಾನು ಹಾರೆ ನೆಟ್ಟು, ಬೀಡಿ ಸೇದುವವರ ಜೊತೆ ಒಂದು ಟೀ ಕುಡಿದು ವಾಪಸ್ ಬಂದೆ. ನನ್ನ ಹಾರೆ ಪಕ್ಕ ಒಂದು ಹಲಗೆ ಇತ್ತು. ಎರಡು ಸೈಜುಗಲ್ಲಿನ ಮೇಲೆ, ಮಂಡಿ ಎತ್ತರಕ್ಕೆ. ನನ್ನ ಕಾಯಿ ರಾಶಿ ಅದರ ಮೇಲಿತ್ತು. ಆ ಹುಡುಗ ಖಾಲಿ ಬುಟ್ಟಿ ಹಿಡಿದು ತನ್ನ ಜಾಗಕ್ಕೆ ಹೋಗುತ್ತಿದ್ದ. ತಿರುಗಿ ನೋಡಲಿಲ್ಲ.

ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಹಲಗೆ ತೆಗೆದುಬಿಡೋಣ ಅಂತಲೂ ಅನ್ನಿಸಿತು. ಆಮೇಲೆ ಬಗ್ಗದೆ ಮೊದಲನೇ ಕಾಯಿ ತೆಗೆದುಕೊಂಡೆ.